ಮುಷ್ಕರ, ಗೇಟು, ಯೂನಿಯನ್ ರೂಲ್ಸು: ಕಾರ್ಮಿಕರು ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯ, ಬೊಮ್ಮಸಂದ್ರ, ಬಿಡದಿ, ನರಸಾಪುರ ಕಡೆ ಕೆಲಸ ಮಾಡುವವರು ಕೇಳುವ ಪ್ರಶ್ನೆಗಳು ಇವು. ಕೆಲವನ್ನು ಗೇಟ್ ಮೀಟಿಂಗಿನಲ್ಲೇ ಜೋರಾಗಿ ಕೇಳುತ್ತಾರೆ. ಇನ್ನು ಕೆಲವನ್ನು ಮೀಟಿಂಗ್ ಮುಗಿದ ಮೇಲೆ ಪಕ್ಕಕ್ಕೆ ಕರೆದು, ಅಕ್ಕಪಕ್ಕ ಯಾರಿದ್ದಾರೆ ಅಂತ ನೋಡಿಕೊಂಡು ಕೇಳುತ್ತಾರೆ. ಎರಡನೇ ಥರದ ಪ್ರಶ್ನೆಗಳೇ ಇಲ್ಲಿ ಜಾಸ್ತಿ. ನಾನು ಯೂನಿಯನ್ ಪರ ಇರುವವನು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಯೂನಿಯನ್ ಕಚೇರಿಯಲ್ಲಿ ಹೇಳದ ಕೆಲವು ಮಾತನ್ನೂ ಇಲ್ಲಿ ಹೇಳಿದ್ದೇನೆ.

ಮೊದಲೇ ಒಂದು ಎಚ್ಚರಿಕೆ. 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ. ಎಲ್ಲರೂ ಐಆರ್ ಕೋಡ್ ಅನ್ನುವುದು ಇದನ್ನೇ. 1926ರ ಟ್ರೇಡ್ ಯೂನಿಯನ್ ಕಾಯ್ದೆ, 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ (ಅಂದರೆ ಕಾರ್ಖಾನೆಯ ಕೆಲಸದ ನಿಯಮಾವಳಿ) ಕಾಯ್ದೆ, 1947ರ ಕೈಗಾರಿಕಾ ವಿವಾದ ಕಾಯ್ದೆ ಮೂರೂ ಇದರೊಳಗೆ ಸೇರಿಹೋಗಿವೆ. ಹಾಗಾಗಿ ಹಳೇ ಲೀಡರುಗಳು ಬಾಯಿಪಾಠ ಹೇಳುವ ಸೆಕ್ಷನ್ ನಂಬರುಗಳನ್ನು ಹಾಗೇ ನಂಬಬೇಡಿ.

ಮುಷ್ಕರ ಮಾಡೋದು ನಮ್ಮ ಮೂಲಭೂತ ಹಕ್ಕು ಅಲ್ವಾ?

ಅಲ್ಲ. ಭಾಷಣದಲ್ಲಿ ಹಾಗೆ ಹೇಳುತ್ತಾರೆ, ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಸಂಘ ಕಟ್ಟುವುದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕು. ಆ ಸಂಘದ ಹೆಸರಲ್ಲಿ ಮುಷ್ಕರ ಮಾಡುವುದು ಮೂಲಭೂತ ಹಕ್ಕಲ್ಲ ಅಂತ ಬ್ಯಾಂಕ್ ನೌಕರರ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1962ರ ಸುಮಾರಿಗೇ ಹೇಳಿಬಿಟ್ಟಿದೆ. 2003ರಲ್ಲಿ ತಮಿಳುನಾಡಿನ ಸರ್ಕಾರಿ ನೌಕರರ ಕೇಸಿನಲ್ಲಂತೂ ಇನ್ನೂ ಖಾರವಾಗಿ, ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕೇ ಇಲ್ಲ ಅಂತ ಹೇಳಿತು. ಫ್ಯಾಕ್ಟರಿ ಕಾರ್ಮಿಕರಿಗೆ ಇರುವುದು ಕಾನೂನು ಕೊಟ್ಟ ಹಕ್ಕು. ಕಾನೂನು ಕೊಟ್ಟಿದ್ದನ್ನು ಕಾನೂನೇ ಕತ್ತರಿಸಬಹುದು, ಈಗ ಆಗುತ್ತಿರುವುದೂ ಅದೇ.

ಎಷ್ಟು ದಿನ ಮುಂಚೆ ನೋಟಿಸ್ ಕೊಡಬೇಕು?

14 ದಿನ. ಹಿಂದೆ ಈ ಕಡ್ಡಾಯ ಇದ್ದದ್ದು ರೈಲು, ನೀರು, ವಿದ್ಯುತ್ ಥರದ ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಮಾತ್ರ. ಮಾಮೂಲಿ ಫ್ಯಾಕ್ಟರಿಯಲ್ಲಿ ಬೆಳಿಗ್ಗೆ ಟೂಲ್ ಕೆಳಗಿಟ್ಟು ಹೊರಗೆ ಬಂದರೂ ಅಷ್ಟಕ್ಕೇ ಅದು ಕಾನೂನುಬಾಹಿರ ಆಗುತ್ತಿರಲಿಲ್ಲ. ಈಗ ಎಲ್ಲ ಕೈಗಾರಿಕೆಗಳಿಗೂ ನೋಟಿಸ್ ಬೇಕು. ನೋಟಿಸ್ ಕೊಟ್ಟ 60 ದಿನದೊಳಗೆ ಮುಷ್ಕರ ಶುರುವಾಗಬೇಕು, 14 ದಿನ ಮುಗಿಯುವ ತನಕ ಶುರು ಮಾಡುವ ಹಾಗಿಲ್ಲ.

ಇದರಲ್ಲಿ ಒಂದು ಸಿಕ್ಕು ಇದೆ. ನೋಟಿಸ್ ಹೋದ ಕೂಡಲೇ ಕಾರ್ಮಿಕ ಇಲಾಖೆಯ ಸಂಧಾನ ಅಧಿಕಾರಿ ಎರಡೂ ಕಡೆಯವರನ್ನು ಮಾತಿಗೆ ಕರೆಯುತ್ತಾರೆ. ಆ ಸಂಧಾನದ ಮೊದಲ ಸಭೆ ನಡೆಯಿತು ಅಂದರೆ, ಸಂಧಾನ ಮುಗಿದು ಇನ್ನೂ 7 ದಿನ ಕಳೆಯುವ ತನಕ ಮುಷ್ಕರ ಮಾಡುವ ಹಾಗಿಲ್ಲ. ವಿಷಯ ಕೈಗಾರಿಕಾ ವಿವಾದ ತೀರ್ಮಾನಿಸುವ ಟ್ರಿಬ್ಯೂನಲ್‌ಗೆ ಹೋದರೆ ಅದು ನಡೆಯುವಷ್ಟು ಕಾಲ, ಮುಗಿದ ಮೇಲೆ 60 ದಿನ, ಮತ್ತೆ ಇಲ್ಲ. ಒಪ್ಪಂದ ಜಾರಿಯಲ್ಲಿದ್ದರೆ ಅದರಲ್ಲಿರುವ ವಿಷಯಕ್ಕೂ ಇಲ್ಲ. ಅಂದರೆ ಕಾಗದದ ಮೇಲೆ ಬಾಗಿಲು ತೆರೆದಿದೆ, ಆದರೆ ಅದರಲ್ಲಿ ನುಗ್ಗಬೇಕಾದರೆ ಮೈ ಅಡ್ಡ ಮಾಡಿಕೊಂಡು ನುಗ್ಗಬೇಕು.

ನೋಟಿಸ್ ಗೋಜೇ ಬೇಡ, ಎಲ್ಲರೂ ಒಟ್ಟಿಗೆ ಸಿಎಲ್ ಹಾಕಿಬಿಟ್ಟರೆ?

ಈ ಐಡಿಯಾ ಪ್ರತಿ ಮೀಟಿಂಗಿನಲ್ಲೂ ಯಾರಾದರೂ ಒಬ್ಬರಿಗೆ ಹೊಳೆಯುತ್ತದೆ. ಕಾನೂನು ಬರೆದವರಿಗೂ ಹೊಳೆದಿದೆ. ಶೇ 50 ಅಥವಾ ಅದಕ್ಕಿಂತ ಜಾಸ್ತಿ ಕಾರ್ಮಿಕರು ಒಂದೇ ದಿನ ಮಾತಾಡಿಕೊಂಡು ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ ಅಂತ ಕೋಡ್ ಹೇಳುತ್ತದೆ.

ಕಾನೂನುಬಾಹಿರ ಅಂತಾದರೆ ಜೈಲಾ?

ಕಾರ್ಮಿಕನಿಗೆ 1,000ದಿಂದ 10,000 ರೂಪಾಯಿ ದಂಡ, ಅಥವಾ ಒಂದು ತಿಂಗಳವರೆಗೆ ಜೈಲು, ಅಥವಾ ಎರಡೂ. ಬೇರೆಯವರನ್ನು ಹುರಿದುಂಬಿಸಿದವರಿಗೆ ದಂಡ 10,000ದಿಂದ 50,000. 1947ರ ಕಾಯ್ದೆಯಲ್ಲಿ ಕಾರ್ಮಿಕನ ದಂಡ ಬರೀ 50 ರೂಪಾಯಿವರೆಗೆ ಇತ್ತು ಅನ್ನುವುದನ್ನು ನೆನಪಿಟ್ಟುಕೊಂಡರೆ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಗೊತ್ತಾಗುತ್ತದೆ.

ಜನ ಹೆದರುವುದು ಜೈಲಿಗಲ್ಲ ಬಿಡಿ. ಹೆದರುವುದು ಸಸ್ಪೆನ್ಷನ್ ಲೆಟರಿಗೆ.

ಮುಷ್ಕರದ ದಿನದ ಸಂಬಳ ಸಿಗುತ್ತಾ?

ಸಿಗುವುದಿಲ್ಲ ಅಂದುಕೊಂಡೇ ಹೊರಡಿ. ಮುಷ್ಕರ ಕಾನೂನುಬದ್ಧವೂ ಆಗಿರಬೇಕು, ನ್ಯಾಯಯುತವೂ ಆಗಿರಬೇಕು, ಎರಡೂ ಇದ್ದರೆ ಮಾತ್ರ ಸಂಬಳ ಕೇಳಬಹುದು ಅಂತ ಸಿಂಡಿಕೇಟ್ ಬ್ಯಾಂಕ್ ಕೇಸಿನಲ್ಲಿ 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನು ಸಾಬೀತು ಮಾಡುವ ಹೊತ್ತಿಗೆ ಎಷ್ಟು ವರ್ಷವಾಗಿರುತ್ತದೋ. ಅದಕ್ಕೂ ಮುಂಚೆ 1990ರಲ್ಲಿ ಬ್ಯಾಂಕ್ ಆಫ್ ಇಂಡಿಯಾ ಕೇಸು ಬಂದಿತ್ತು. ನೌಕರರು ಕೆಲಸ ನಿಲ್ಲಿಸಿದ್ದು ನಾಲ್ಕೇ ಗಂಟೆ, ಬ್ಯಾಂಕು ಹಿಡಿದದ್ದು ಇಡೀ ದಿನದ ಸಂಬಳ. ಕೋರ್ಟ್ ಅದನ್ನು ಒಪ್ಪಿತು. 'ಎರಡು ಗಂಟೆ ಟೂಲ್ ಡೌನ್ ಮಾಡಿ ಹೆದರಿಸೋಣ' ಅನ್ನುವವರು ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ಇನ್ನೊಂದು ಅಪಾಯ ಇದೆ. ನಿಮ್ಮ ನೇಮಕಾತಿ ಷರತ್ತಿನಲ್ಲಿ ಬರೆದಿದ್ದರೆ, ಹತ್ತು ಅಥವಾ ಹೆಚ್ಚು ಜನ ಒಟ್ಟಾಗಿ ನೋಟಿಸ್ ಇಲ್ಲದೆ, ಸರಿಯಾದ ಕಾರಣವೂ ಇಲ್ಲದೆ ಗೈರಾದಾಗ ಎಂಟು ದಿನದ ಸಂಬಳದವರೆಗೆ ಕಡಿತ ಮಾಡಬಹುದು. 'ಒಂದು ದಿನಕ್ಕೆ ಎಂಟು ದಿನ' ಅಂತ ಎಚ್‌ಆರ್ ನೋಟಿಸ್ ಬೋರ್ಡಿನಲ್ಲಿ ಅಂಟಿಸುವುದು ಇದನ್ನೇ. ಎಲ್ಲ ಮುಷ್ಕರಕ್ಕೂ ತಾನಾಗೇ ಅನ್ವಯಿಸುತ್ತದೆ ಅನ್ನೋ ಹಾಗೆ ಅಂಟಿಸುತ್ತಾರೆ. ಹಾಗೇನೂ ಇಲ್ಲ, ಸರಿಯಾಗಿ ನೋಟಿಸ್ ಕೊಟ್ಟಿದ್ದರೆ ಈ ಮಾತೇ ಬರುವುದಿಲ್ಲ.

ನನಗೆ ಮುಷ್ಕರ ಇಷ್ಟ ಇಲ್ಲ, ಮನೆಯಲ್ಲಿ ಕಷ್ಟ ಇದೆ. ಗೇಟು ದಾಟಿ ಒಳಗೆ ಹೋದರೆ ದ್ರೋಹಿ ಅಂತಾರೆ. ಏನು ಮಾಡಲಿ?

ಪಕ್ಕಕ್ಕೆ ಕರೆದು ಕೇಳುವ ಪ್ರಶ್ನೆಗಳಲ್ಲಿ ಇದು ಮೊದಲನೆಯದು.

ಕಾನೂನು ಏನನ್ನುತ್ತದೆ ಅಂತ ಮೊದಲು ನೋಡೋಣ. ನಮ್ಮಲ್ಲಿ ಯೂನಿಯನ್ ಸೇರಲೇಬೇಕು ಅಂತ ಯಾರೂ ಬಲವಂತ ಮಾಡುವ ಹಾಗಿಲ್ಲ. ಸೇರಬೇಡ ಅಂತ ಕಂಪನಿಯೂ ಬಲವಂತ ಮಾಡುವ ಹಾಗಿಲ್ಲ. ಗೇಟಿನ ಮುಂದೆ ನಿಂತು, ಕೈಮುಗಿದು, ಕರಪತ್ರ ಕೊಟ್ಟು, ಘೋಷಣೆ ಕೂಗಿ 'ಇವತ್ತು ಒಳಗೆ ಹೋಗಬೇಡಿ' ಅಂತ ಕೇಳಿಕೊಳ್ಳಬಹುದು. ಕಾಲರ್ ಹಿಡಿಯುವುದು, ಕ್ಯಾಬ್ ತಡೆಯುವುದು, ಮನೆಗೆ ಹೋಗಿ ಬೆದರಿಸುವುದು ತಪ್ಪು. ಕಾನೂನಿನಲ್ಲಿ ಇವು ಯೂನಿಯನ್ ಕಡೆಯಿಂದ ಆಗುವ ಅನುಚಿತ ಕಾರ್ಮಿಕ ಪದ್ಧತಿಗಳ ಪಟ್ಟಿಯಲ್ಲೇ ಇವೆ.

ಇನ್ನು ನನ್ನ ಅಭಿಪ್ರಾಯ. ಗೇಟು ದಾಟುವವರೆಲ್ಲ ಚಮಚಾಗಳು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಪ್ರೊಬೇಷನ್ ಮುಗಿಯಲು ಎರಡು ತಿಂಗಳು ಬಾಕಿ ಇರುವ ಹುಡುಗ ಇರುತ್ತಾನೆ. ಗಂಡ ಕುಡಿದು ಮಲಗಿರುವಾಗ ಒಬ್ಬಳ ಸಂಬಳದಲ್ಲೇ ಬಾಡಿಗೆ, ಸ್ಕೂಲ್ ಫೀಸು, ಸ್ವಸಹಾಯ ಸಂಘದ ಸಾಲದ ವಾರದ ಕಂತು ಎಲ್ಲ ಕಟ್ಟುವ ಹೆಂಗಸು ಇರುತ್ತಾಳೆ. ಇವರಿಗೆ ಒಗ್ಗಟ್ಟಿನ ಬಗ್ಗೆ ಭಾಷಣ ಮಾಡುವುದು ಸುಲಭ, ಅವರ ಕಂತನ್ನು ಒಂದು ವಾರ ಕಟ್ಟಿಕೊಡುವುದು ಕಷ್ಟ, ಹೆಚ್ಚಿನ ಯೂನಿಯನ್‌ಗಳಲ್ಲಿ ಮುಷ್ಕರ ನಿಧಿ ಅನ್ನುವುದೇ ಇರುವುದಿಲ್ಲವಲ್ಲ. ನಿಧಿ ಇಲ್ಲದೆ ಮುಷ್ಕರಕ್ಕೆ ಕರೆದು, ನಾಲ್ಕನೇ ದಿನ ಜನ ಒಳಗೆ ಹೋದಾಗ 'ಬೆನ್ನಿಗೆ ಚೂರಿ' ಅಂತ ಕೂಗುವ ಲೀಡರ್ ಬಗ್ಗೆ ನನಗೆ ಗೌರವ ಕಡಿಮೆ.

ಆದರೂ ಹೇಳುತ್ತೇನೆ, ದಾಟುವ ಮುಂಚೆ ಎರಡು ಸಲ ಯೋಚಿಸಿ. ಅಗ್ರಿಮೆಂಟ್ ಆದಾಗ ಬರುವ ಏರಿಕೆ ಹೊರಗೆ ನಿಂತವರಿಗೂ ಬರುತ್ತದೆ, ಒಳಗೆ ಹೋದವರಿಗೂ ಬರುತ್ತದೆ. ಹೊರಗೆ ನಿಂತವರು ಇದನ್ನು ಮರೆಯುವುದಿಲ್ಲ. ಮುಷ್ಕರ ಹದಿನೈದು ದಿನದಲ್ಲಿ ಮುಗಿಯಬಹುದು, ಅದೇ ಲೈನಿನಲ್ಲಿ ಅದೇ ಜನರ ಜೊತೆ ಇನ್ನೂ ಇಪ್ಪತ್ತು ವರ್ಷ ಕೆಲಸ ಮಾಡಬೇಕು. ಹೋಗಲೇಬೇಕಾದ ಸ್ಥಿತಿ ಇದ್ದರೆ ಕದ್ದು ಹಿಂದಿನ ಗೇಟಿನಿಂದ ಹೋಗುವ ಬದಲು ಕಮಿಟಿಯವರಿಗೆ ಕಾರಣ ಹೇಳಿಯೇ ಹೋಗಿ. ಬೈಯುತ್ತಾರೆ, ಆದರೆ ಅರ್ಧ ಜನ ಅರ್ಥ ಮಾಡಿಕೊಳ್ಳುತ್ತಾರೆ.

ಗೇಟಿನಿಂದ ಎಷ್ಟು ದೂರ ನಿಲ್ಲಬೇಕು?

ಕಾನೂನಿನಲ್ಲಿ ಮೀಟರ್ ಲೆಕ್ಕ ಇಲ್ಲ. ಆದರೆ ಗಲಾಟೆ ವಾಸನೆ ಬಂದ ಕೂಡಲೇ ಕಂಪನಿಯವರು ಸಿವಿಲ್ ಕೋರ್ಟಿಗೆ ಹೋಗಿ, ಇಷ್ಟು ಮೀಟರ್ ಒಳಗೆ ಸೇರಬಾರದು ಅಂತ ತಡೆಯಾಜ್ಞೆ ತರುತ್ತಾರೆ. ಆದೇಶ ಬಂದಿದ್ದರೆ ಅದರ ಪ್ರತಿ ಕೇಳಿ ಓದಿ. ಸೆಕ್ಯುರಿಟಿ ಆಫೀಸರ್ ಬಾಯಲ್ಲಿ ಹೇಳಿದ ದೂರವೇ ಬೇರೆ, ಆದೇಶದಲ್ಲಿ ಇರುವ ದೂರವೇ ಬೇರೆ ಇರುತ್ತದೆ.

ಘೇರಾವ್ ಮಾತ್ರ ಬೇಡ. ಮ್ಯಾನೇಜರನ್ನು ರೂಮಿನಲ್ಲಿ ಕೂಡಿಹಾಕುವುದು ಅಕ್ರಮ ಬಂಧನ, ಅದಕ್ಕೆ ಯೂನಿಯನ್ ರಕ್ಷಣೆ ಸಿಗುವುದಿಲ್ಲ ಅಂತ 1968ರ ಹೊತ್ತಿಗೇ ಕಲ್ಕತ್ತಾ ಹೈಕೋರ್ಟ್ ಹೇಳಿಯಾಗಿದೆ. ಬೆಂಗಳೂರು ನಗರದೊಳಗೆ ಮೆರವಣಿಗೆ ಅಂದರೆ ಇನ್ನೂ ಕಷ್ಟ. 2021ರ ಆದೇಶದ ನಂತರ ಪ್ರತಿಭಟನೆ ಅಂದರೆ ಫ್ರೀಡಂ ಪಾರ್ಕ್ ಅಂತಾಗಿದೆ. ಹಳೇ ಜೈಲಿನ ಜಾಗದಲ್ಲಿ ಸ್ವಾತಂತ್ರ್ಯ ಅಂತ ಹೆಸರಿಟ್ಟು ಅಲ್ಲೇ ಕೂಗಿಕೊಳ್ಳಿ ಅನ್ನುತ್ತಾರೆ. ಬೊಮ್ಮಸಂದ್ರದ ಕಾರ್ಮಿಕ ಅಲ್ಲಿ ಕೂಗಿದರೆ ಅವನ ಮ್ಯಾನೇಜರಿಗೆ ಕೇಳಿಸುತ್ತದಾ?

ಬಸ್ಸಿಗೆ ಕಲ್ಲು ಹೊಡೆದರೆ ಮಾತ್ರ ಸರ್ಕಾರ ಕೇಳೋದು ಅಂತಾರೆ, ನಿಜಾನಾ?

2021ರ ಏಪ್ರಿಲ್ ನೋಡಿ. ಸಾರಿಗೆ ನಿಗಮಗಳ ನೌಕರರು ಆರನೇ ವೇತನ ಆಯೋಗದ ಸಂಬಳ ಬೇಕು ಅಂತ 7ರಂದು ಬಸ್ ನಿಲ್ಲಿಸಿದರು. ಶುರುವಿನಲ್ಲಿ ರಸ್ತೆ ಖಾಲಿ, ಇಡೀ ರಾಜ್ಯಕ್ಕೆ ಬಿಸಿ ತಟ್ಟಿತ್ತು. ಸರ್ಕಾರ ಖಾಸಗಿ ಬಸ್ಸುಗಳನ್ನು ಮೆಜೆಸ್ಟಿಕ್ ಒಳಗೇ ಬಿಟ್ಟಿತು. ವರ್ಗಾವಣೆ, ಅಮಾನತು, ವಜಾ ಶುರುವಾದವು. ಯುಗಾದಿ ನಡುವೆಯೇ ಬಂತು. ದಿನ ಕಳೆದ ಹಾಗೆ ಒಬ್ಬೊಬ್ಬರೇ ಡ್ಯೂಟಿಗೆ ಹೋದರು, ಅಲ್ಲಲ್ಲಿ ಆ ಬಸ್ಸುಗಳ ಮೇಲೆ ಕಲ್ಲು ಬಿದ್ದವು. ಕೊರೊನಾ ಎರಡನೇ ಅಲೆ ಏರುತ್ತಿತ್ತು, ಹೈಕೋರ್ಟ್ ಮಧ್ಯೆ ಬಂತು, 21ರಂದು ಮುಷ್ಕರ ನಿಂತಿತು. ಆರನೇ ವೇತನ ಸಿಗಲಿಲ್ಲ.

ಆ ಕಲ್ಲು ಬಿದ್ದದ್ದು ಯಾರ ಮೇಲೆ? ಸಾರಿಗೆ ಮಂತ್ರಿ ಮೇಲಲ್ಲ. ಸ್ಟೇರಿಂಗ್ ಹಿಡಿದಿದ್ದ ಇನ್ನೊಬ್ಬ ಡ್ರೈವರ್ ಮೇಲೆ. ಅವತ್ತಿನ ತನಕ 'ಪಾಪ, ಅವರ ಸಂಬಳ ಕಡಿಮೆ' ಅನ್ನುತ್ತಿದ್ದ ಪ್ರಯಾಣಿಕ ಮಾರನೇ ದಿನದಿಂದ ಬೇರೆ ಥರ ಮಾತಾಡಿದ. ಕಲ್ಲಿನ ಬಗ್ಗೆ ನನ್ನ ತಕರಾರು ನೀತಿಯದ್ದಷ್ಟೇ ಅಲ್ಲ, ಲೆಕ್ಕದ್ದೂ ಹೌದು. ಅದರಿಂದ ನಮಗೆ ನಷ್ಟವೇ ಜಾಸ್ತಿ.

ಕಂಟ್ರಾಕ್ಟ್ ಹುಡುಗರು ಒಳಗೆ ಹೋಗಿ ಮಷಿನ್ ಓಡಿಸಿ ನಮ್ಮ ಮುಷ್ಕರ ಹಾಳು ಮಾಡ್ತಾರೆ. ಅವರನ್ನ ತಡೆಯೋದು ಹೇಗೆ?

ತಡೆಯುವುದು ಹೇಗೆ ಅನ್ನುವ ಮುಂಚೆ ಇನ್ನೊಂದು ಕೇಳಬೇಕು. ಅವರು ಹೊರಗೆ ಯಾಕೆ ನಿಲ್ಲಬೇಕು?

ನಿಮ್ಮ ಬೇಡಿಕೆ ಪಟ್ಟಿ ತೆಗೆದು ನೋಡಿ. ಮೂಲ ವೇತನ, ತುಟ್ಟಿಭತ್ಯೆ, ಇನ್ಸೆಂಟಿವ್, ಮಕ್ಕಳ ಶಿಕ್ಷಣ ಭತ್ಯೆ, ಶೂ, ಕ್ಯಾಂಟೀನ್ ಎಲ್ಲ ಇರುತ್ತದೆ. ಕಂಟ್ರಾಕ್ಟ್ ಕಾರ್ಮಿಕರ ಬಗ್ಗೆ ಕೊನೆಯಲ್ಲಿ ಒಂದು ಸಾಲು ಇದ್ದರೆ ಪುಣ್ಯ, ಮಾತುಕತೆಯಲ್ಲಿ ಮೊದಲು ಬಿಟ್ಟುಕೊಡುವುದೂ ಅದೇ ಸಾಲನ್ನು. ಅದೇ ಲೈನು, ಅದೇ ಕೆಲಸ, ಅರ್ಧಕ್ಕಿಂತ ಕಡಿಮೆ ಸಂಬಳ. ಬೇರೆ ಬಣ್ಣದ ಶರ್ಟು, ಕೆಲವು ಕಡೆ ಬೇರೆ ಕ್ಯಾಂಟೀನ್ ಟೈಮು. ನೀವು ಸಸ್ಪೆಂಡ್ ಆದರೆ ಎನ್‌ಕ್ವೈರಿ ಇದೆ, ಜೀವನಾಧಾರ ಭತ್ಯೆ ಇದೆ, ವಕೀಲರಿದ್ದಾರೆ. ಅವನಿಗೆ ಕಂಟ್ರಾಕ್ಟರ್ ಫೋನ್ ಮಾಡಿ 'ನಾಳೆಯಿಂದ ಬರಬೇಡ' ಅಂದರೆ ಮುಗಿಯಿತು. ಅಪ್ರೆಂಟಿಸ್ ಆದರಂತೂ ಕಾನೂನಿನ ಕಣ್ಣಲ್ಲಿ ಅವನು ಕಾರ್ಮಿಕನೇ ಅಲ್ಲ, ತರಬೇತಿಗೆ ಬಂದವನು.

ನಾನು ಪೀಣ್ಯದಲ್ಲಿ ಕೆಲಸ ಮಾಡುವಾಗ ನಮ್ಮ ಶಾಪಿನಲ್ಲಿ ಹೀಗೇ ಇತ್ತು. ಪರ್ಮನೆಂಟ್ ನಾವು ಹೊರಗೆ ಶಾಮಿಯಾನ ಹಾಕಿಕೊಂಡು ಕೂತಿದ್ದೆವು, ಒಳಗೆ ಮಷಿನ್ ಸದ್ದು ಕೇಳಿಸುತ್ತಿತ್ತು. ಎಲ್ಲರಿಗೂ ಸಿಟ್ಟು. ಒಬ್ಬ ಟ್ರೈನಿ ಸಂಜೆ ಟೀ ಅಂಗಡಿಯಲ್ಲಿ ಸಿಕ್ಕಿದಾಗ ನಮ್ಮವರೊಬ್ಬರು ಜಾಡಿಸಿದರು. ಅವನು ಶಾಂತವಾಗಿ, 'ಅಣ್ಣ, ನೀವು ಗೆದ್ದರೆ ನನಗೆಷ್ಟು ಬರುತ್ತೆ?' ಅಂತ ಕೇಳಿದ. ಉತ್ತರ ಯಾರ ಹತ್ತಿರವೂ ಇರಲಿಲ್ಲ.

ಇವತ್ತು ಎಷ್ಟೋ ಫ್ಯಾಕ್ಟರಿಗಳಲ್ಲಿ ಲೈನ್ ಓಡಿಸುವವರಲ್ಲಿ ಪರ್ಮನೆಂಟ್ ಅಲ್ಲದವರೇ ಜಾಸ್ತಿ. ಮುಷ್ಕರ ಮುರಿಯುವುದು ಪೊಲೀಸರಿಂದ ಅಲ್ಲ, ಪೇ ಸ್ಲಿಪ್ಪಿನ ವ್ಯತ್ಯಾಸದಿಂದ. ಹಾಗಾಗಿ ತಡೆಯುವ ದಾರಿ ಗೇಟಿನಲ್ಲಿ ಇಲ್ಲ, ಬೇಡಿಕೆ ಪಟ್ಟಿಯಲ್ಲಿದೆ. ಸಮಾನ ಕೆಲಸಕ್ಕೆ ಸಮಾನ ವೇತನ ಸಿಗಬೇಕು ಅಂತ ಕೋರ್ಟುಗಳು ಹೇಳಿವೆ, ಅದನ್ನು ಕೇಳಲು ಯೂನಿಯನ್ ಬೇಕು. ಬೈಲಾ ತಿದ್ದುಪಡಿ ಮಾಡಿ ಕಂಟ್ರಾಕ್ಟ್ ಕಾರ್ಮಿಕರನ್ನೂ ಸದಸ್ಯರಾಗಿ ಸೇರಿಸಿಕೊಳ್ಳಿ ಅಂತ ನಾನು ಹೇಳಿದಾಗಲೆಲ್ಲ ಸೀನಿಯರ್‌ಗಳು ಮುಖ ತಿರುಗಿಸುತ್ತಾರೆ. ಎಲೆಕ್ಷನ್‌ನಲ್ಲಿ ಅವರ ಓಟೇ ಜಾಸ್ತಿ ಆಗಿಬಿಡುತ್ತದೆ ಅಂತ ಭಯ. ಭಯ ನಿಜ, ಆದರೆ ಅದಕ್ಕೆ ಕೊಡುತ್ತಿರುವ ಬೆಲೆ ದೊಡ್ಡದು.

ಯೂನಿಯನ್ನೇ ಇಲ್ಲದೆ ಗೆದ್ದ ಉದಾಹರಣೆ ಇದೆಯಾ?

ಇದೆ, ಅದೂ ಬೆಂಗಳೂರಿನಲ್ಲೇ. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿತು. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ಆಗುವ ತನಕ ತೆಗೆಯುವ ಹಾಗಿಲ್ಲ ಅಂತ. ಗಾರ್ಮೆಂಟ್ಸ್ ಹೆಂಗಸರಿಗೆ ಪಿಎಫ್ ಅಂದರೆ ಮುಪ್ಪಿನ ದುಡ್ಡಲ್ಲ. ಮಗಳ ಮದುವೆ, ಆಸ್ಪತ್ರೆ, ಸಾಲ ತೀರಿಸುವುದು ಎಲ್ಲ ಅದರಲ್ಲೇ. ಆ ಕೆಲಸದಲ್ಲಿ 58ರ ತನಕ ಯಾರ ಬೆನ್ನು ಉಳಿದಿರುತ್ತದೆ ಹೇಳಿ.

ಏಪ್ರಿಲ್ 18ರಂದು ಹೊಸೂರು ರಸ್ತೆಯಲ್ಲಿ ಹೆಂಗಸರು ಫ್ಯಾಕ್ಟರಿ ಬಿಟ್ಟು ಹೊರಗೆ ಬಂದರು. ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. ಒಂದು ಫ್ಯಾಕ್ಟರಿಯವರು ಇನ್ನೊಂದರ ಗೇಟಿಗೆ ಹೋಗಿ ಕರೆದರು, ಅವರೂ ಬಂದರು. 19ರಂದು ತುಮಕೂರು ರಸ್ತೆ, ಪೀಣ್ಯ, ಜಾಲಹಳ್ಳಿ ಎಲ್ಲ ಬಂದ್. ಲಾಠಿ ಬೀಸಿದರು, ಅಶ್ರುವಾಯು ಹೊಡೆದರು, ಬಸ್ಸುಗಳಿಗೆ ಬೆಂಕಿ ಬಿತ್ತು. ಅವತ್ತೇ ಸಂಜೆ ಹೊತ್ತಿಗೆ ದೆಹಲಿ ಆ ನಿಯಮ ವಾಪಸ್ ತೆಗೆದುಕೊಂಡಿತು. ಲಾಭ ಆದದ್ದು ಇಡೀ ದೇಶದ ಪಿಎಫ್ ಸದಸ್ಯರಿಗೆ, ಎಸಿ ರೂಮಿನಲ್ಲಿ ಕೂತು 'ಟ್ರಾಫಿಕ್ ಜಾಮ್' ಅಂತ ಗೊಣಗಿದವರಿಗೂ ಸೇರಿ.

ಗಮನಿಸಬೇಕಾದ್ದು ಒಂದಿದೆ. ಅಲ್ಲಿ ಹೆಲ್ಪರ್, ಟೈಲರ್, ಚೆಕ್ಕರ್ ಎಲ್ಲರ ಪಿಎಫ್ಫೂ ಒಂದೇ ನಿಯಮದಲ್ಲಿ ಸಿಕ್ಕಿಹಾಕಿಕೊಂಡಿತ್ತು. ನಿನಗೆಷ್ಟು ನನಗೆಷ್ಟು ಅನ್ನುವ ಪ್ರಶ್ನೆಯೇ ಬರಲಿಲ್ಲ. ಆದರೆ ಅಷ್ಟು ಜನ ಬೀದಿಗೆ ಬಂದರೂ ಅವರ ದಿನಗೂಲಿ ಅದರಿಂದ ಏರಲಿಲ್ಲ. ಎರಡು ದಿನದ ಸಿಟ್ಟಿಗೆ ಒಂದು ಆದೇಶ ವಾಪಸ್ ತರಿಸುವ ಶಕ್ತಿ ಇದೆ, ವರ್ಷಗಟ್ಟಲೆ ಕೂತು ಸಂಬಳ ಚೌಕಾಸಿ ಮಾಡಲು ಸಂಘವೇ ಬೇಕು.

ನಮ್ಮಪ್ಪ 77 ದಿನದ ಮುಷ್ಕರ ಅಂತ ಹೇಳ್ತಿರ್ತಾರೆ. ಅದೇನು?

1980ರ ಡಿಸೆಂಬರ್ ಕೊನೆಯಲ್ಲಿ ಶುರುವಾಗಿ 1981ರ ಮಾರ್ಚ್ ತನಕ ನಡೆದದ್ದು. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್, ಅಂದರೆ ಬೆಂಗಳೂರನ್ನು ಬೆಂಗಳೂರು ಮಾಡಿದ ಕಾರ್ಖಾನೆಗಳೆಲ್ಲ ಒಟ್ಟಿಗೆ ನಿಂತವು. ಬಿಎಚ್‌ಇಎಲ್‌ನವರಿಗೆ ಸಿಗುವಷ್ಟು ಸಂಬಳ ನಮಗೂ ಬೇಕು ಅನ್ನುವುದು ಬೇಡಿಕೆ. ಕೇಳಿದ್ದು ಸಿಗದೆ ಒಳಗೆ ಹೋಗಬೇಕಾಯಿತು. ಆ ಕಾಲದವರನ್ನು ಕೇಳಿದರೆ ಒಬ್ಬರು ಹೆಮ್ಮೆ ಅನ್ನುತ್ತಾರೆ, ಇನ್ನೊಬ್ಬರು ಹೆಂಡತಿಯ ಒಡವೆ ಗಿರವಿ ಇಟ್ಟದ್ದು ಹೇಳುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಕಂಪನಿಯೇ ಬಾಗಿಲು ಹಾಕಿದರೆ?

ಅದು ಲಾಕೌಟ್. ಅದಕ್ಕೂ 14 ದಿನದ ನೋಟಿಸ್ ಬೇಕು, ಅಕ್ರಮವಾಗಿ ಮಾಡಿದರೆ ದಂಡ 50,000ದಿಂದ 1 ಲಕ್ಷ. ದಿನಕ್ಕೆ ಕೋಟಿಗಟ್ಟಲೆ ವ್ಯವಹಾರ ಮಾಡುವ ಕಂಪನಿಗೆ ಒಂದು ಲಕ್ಷ ಯಾವ ಲೆಕ್ಕ ಅಂತ ನೀವೇ ಹೇಳಿ.

ಬಿಡದಿಯ ಟೊಯೋಟ ಕಿರ್ಲೋಸ್ಕರ್‌ನಲ್ಲಿ 2020ರ ನವೆಂಬರ್‌ನಲ್ಲಿ ಯೂನಿಯನ್‌ನವರೊಬ್ಬರ ಅಮಾನತಿನಿಂದ ಧರಣಿ ಶುರುವಾಯಿತು, ಕಂಪನಿ ಲಾಕೌಟ್ ಘೋಷಿಸಿತು. ಅದರ ಹಿಂದೆ ಕೆಲಸದ ಒತ್ತಡದ ಬಗ್ಗೆ ದೂರು ಇತ್ತು. ರಾಜ್ಯ ಸರ್ಕಾರ ಮುಷ್ಕರವನ್ನೂ ಲಾಕೌಟನ್ನೂ ಎರಡನ್ನೂ ನಿಷೇಧಿಸಿ ಆದೇಶ ಹೊರಡಿಸಿತು. ಆಮೇಲೂ ಅದು ಮುಗಿಯಲು ತಿಂಗಳುಗಳೇ ಬೇಕಾದವು. ಒಳಗೆ ಬರಬೇಕಾದರೆ ಸನ್ನಡತೆಯ ಮುಚ್ಚಳಿಕೆಗೆ ಸಹಿ ಹಾಕಿ ಅನ್ನುವುದು ಅಲ್ಲಿ ದೊಡ್ಡ ಜಗಳದ ವಿಷಯವಾಗಿತ್ತು. ಇಂಥ ಕಾಗದ ನಿಮ್ಮ ಮುಂದೆ ಬಂದರೆ ಒಬ್ಬರೇ ಸಹಿ ಮಾಡಬೇಡಿ. ಪ್ರತಿ ತೆಗೆದುಕೊಂಡು ಯೂನಿಯನ್ ವಕೀಲರಿಗೆ ತೋರಿಸಿ. ಕೆಲವು ಸಲ ಅದರೊಳಗೆ 'ನಾನು ಅಕ್ರಮ ಮುಷ್ಕರದಲ್ಲಿ ಭಾಗವಹಿಸಿದ್ದೆ' ಅನ್ನುವ ತಪ್ಪೊಪ್ಪಿಗೆ ಸೇರಿಸಿರುತ್ತಾರೆ.

ಯೂನಿಯನ್ ಕಟ್ಟಿದರೆ ಫ್ಯಾಕ್ಟರಿ ಮುಚ್ಚಿ ಬೇರೆ ಕಡೆ ಹೋಗ್ತಾರೆ ಅಂತ ಸೂಪರ್‌ವೈಸರ್ ಹೇಳ್ತಾನೆ.

ಈ ಭಯ ಪೂರ್ತಿ ಸುಳ್ಳಲ್ಲ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದಲ್ಲಿ ಯೂನಿಯನ್ ಗಟ್ಟಿಯಾಗಿದ್ದ ಒಂದು ಗಾರ್ಮೆಂಟ್ಸ್ ಘಟಕ ಕೊರೊನಾ ಕಾಲದಲ್ಲೇ ಮುಚ್ಚಿತು, ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು, ಹೆಂಗಸರು ಅಲ್ಲೇ ಧರಣಿ ಕೂತರು. ಆದರೆ ಮುಂದಿನ ವರ್ಷ ಅದೇ ಯೂನಿಯನ್ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡು, ಕೆಲಸ ಕಳೆದುಕೊಂಡವರಿಗೆ ಮತ್ತೆ ಕೆಲಸ ಕೊಡುವ ಮಾತು ಪಡೆಯಿತು. ಯೂನಿಯನ್ ಇಲ್ಲದ ಗಾರ್ಮೆಂಟ್ಸ್ ಕೂಡ ಮುಚ್ಚುತ್ತವೆ, ಬೇಕಾದಷ್ಟು. ಅಲ್ಲಿ ಗ್ರಾಚ್ಯುಟಿ ಕೇಳಲೂ ಯಾರೂ ಇರುವುದಿಲ್ಲ.

'ಇದು ನನ್ನ ಕೆಲಸ ಅಲ್ಲ' ಅಂತ ಹೇಳಬಹುದಾ?

ಸಾರ್ವಜನಿಕ ವಲಯದ ಕಾಲದಲ್ಲಿ ಹೇಳುತ್ತಿದ್ದರು. ಫಿಟ್ಟರ್ ಫ್ಯೂಸ್ ಮುಟ್ಟುತ್ತಿರಲಿಲ್ಲ, ಎಲೆಕ್ಟ್ರಿಷಿಯನ್ ನಟ್ಟು ಬಿಗಿಯುತ್ತಿರಲಿಲ್ಲ. ಹೊರಗಿನವರಿಗೆ ಇದು ಸೋಮಾರಿತನ ಅನ್ನಿಸುತ್ತದೆ. ಕೆಲವು ಕಡೆ ಆಗಿತ್ತು ಕೂಡ, ಸುಮ್ನೆ ಸಮರ್ಥಿಸುವುದಿಲ್ಲ. ಆದರೆ ಆ ರೂಲು ಹುಟ್ಟಿದ್ದಕ್ಕೆ ಕಾರಣ ಇದೆ. ಗೊತ್ತಿಲ್ಲದ ಕೆಲಸಕ್ಕೆ ಕೈಹಾಕಿ ಬೆರಳು ಕಳೆದುಕೊಂಡರೆ 'ನಿನಗೆ ಯಾರು ಹೇಳಿದ್ದು' ಅಂತ ಕೇಳುತ್ತಾರೆ. ಮೂರು ಜನರ ಕೆಲಸ ಒಬ್ಬನಿಗೆ ಬಂದರೆ ಉಳಿದ ಇಬ್ಬರು ಮನೆಗೆ ಹೋಗುತ್ತಾರೆ. ಪ್ರೆಸ್ ಶಾಪಿನಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗಿನ ಒಪ್ಪಂದಗಳಲ್ಲಿ ಮಲ್ಟಿ ಸ್ಕಿಲ್ಲಿಂಗ್, ಅಂದರೆ ಒಬ್ಬನೇ ಹಲವು ಕೆಲಸ ಮಾಡಬೇಕು ಅಂತ ಬರೆದಿರುತ್ತಾರೆ. ನಿಮ್ಮ ಸ್ಟ್ಯಾಂಡಿಂಗ್ ಆರ್ಡರ್ಸ್, ನೇಮಕಾತಿ ಪತ್ರ, ಕೊನೆಯ ಒಪ್ಪಂದ ಮೂರನ್ನೂ ಜೊತೆಗಿಟ್ಟು ಓದಿದರೆ ಮಾತ್ರ ಉತ್ತರ ಸಿಗುತ್ತದೆ. ಸಂಬಳ, ಪಾಳಿ, ಕೆಲಸದ ಅವಧಿ, ರಜೆ ಥರದ ಷರತ್ತುಗಳನ್ನು ಬದಲಿಸಬೇಕಾದರೆ ಕಂಪನಿ 21 ದಿನ ಮುಂಚೆ ನೋಟಿಸ್ ಕೊಡಬೇಕು ಅನ್ನುವ ನಿಯಮ ಹೊಸ ಕೋಡಿನಲ್ಲೂ ಉಳಿದಿದೆ. ಸ್ಟ್ಯಾಂಡಿಂಗ್ ಆರ್ಡರ್ಸ್ ಕಡ್ಡಾಯ ಆಗುವುದು ಮಾತ್ರ ಈಗ 300 ಜನ ಇರುವ ಕಡೆ. ಕೇಂದ್ರದ ಹಳೇ ಕಾಯ್ದೆಯಲ್ಲಿ 100 ಇತ್ತು. ಪೀಣ್ಯದ ಎಷ್ಟು ಶೆಡ್ಡುಗಳಲ್ಲಿ 300 ಜನ ಇದ್ದಾರೆ?

ವರ್ಕ್ ಟು ರೂಲ್ ಮಾಡಿದರೆ ಸೇಫಾ?

ಅಂದರೆ ರೂಲಿನಲ್ಲಿ ಬರೆದಷ್ಟೇ ಕೆಲಸ, ಅದಕ್ಕಿಂತ ಒಂದಿಷ್ಟೂ ಹೆಚ್ಚು ಇಲ್ಲ. ರೂಲಿನ ಪ್ರಕಾರವೇ ಮಾಡುತ್ತಿದ್ದರೆ ವಾದ ಮಾಡಲು ಜಾಗ ಇದೆ. ಆದರೆ ಬೇಕಂತಲೇ ನಿಧಾನ ಮಾಡುವ ಗೋ ಸ್ಲೋ ಮುಷ್ಕರಕ್ಕಿಂತ ಅಪಾಯ. ಅದು ಗಂಭೀರ ದುರ್ನಡತೆ ಅಂತ ಸುಪ್ರೀಂ ಕೋರ್ಟ್ 1961ರಲ್ಲೇ ಹೇಳಿದೆ. ಸಂಬಳ ತೆಗೆದುಕೊಂಡು ಕೆಲಸ ಕದ್ದ ಹಾಗೆ ಅನ್ನುವುದು ಕೋರ್ಟಿನ ವಾದ. ಈಗ ಪ್ರತಿ ಮಷಿನ್ನಿಗೂ ಕೌಂಟರ್ ಇದೆ, ಸಾಕ್ಷಿ ತಾನಾಗೇ ಹುಟ್ಟುತ್ತದೆ.

ಓಟಿ (ಓವರ್‌ಟೈಮ್) ಬೇಡ ಅಂದರೆ?

2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆ ಪಾಳಿಗೆ ದಾರಿ ಮಾಡಿತು, ಮೂರು ತಿಂಗಳಿಗೆ 75 ಗಂಟೆ ಇದ್ದ ಓಟಿ ಮಿತಿಯನ್ನು 144ಕ್ಕೆ ಏರಿಸಿತು. ವಾರಕ್ಕೆ 48 ಗಂಟೆ ಅನ್ನುವುದು ಹಾಗೇ ಇದೆ, 12 ಗಂಟೆ ಪಾಳಿಗೆ ಕಾರ್ಮಿಕರ ಲಿಖಿತ ಒಪ್ಪಿಗೆ ಬೇಕು ಅಂತ ಆ ತಿದ್ದುಪಡಿ ಹೇಳಿತ್ತು. ಒಪ್ಪಿಗೆ ಪತ್ರ ನೇಮಕಾತಿ ದಿನವೇ ಉಳಿದ ಹದಿನೈದು ಕಾಗದದ ನಡುವೆ ಸೇರಿಸಿ ಸಹಿ ಹಾಕಿಸಿಕೊಳ್ಳುವ ಪದ್ಧತಿ ಬಗ್ಗೆ ಹುಷಾರಾಗಿರಿ. ಓಟಿಗೆ ದುಪ್ಪಟ್ಟು ದರ, ಅದರಲ್ಲಿ ಚೌಕಾಸಿ ಇಲ್ಲ.

ಲೀಡರ್‌ಗಳು ಮ್ಯಾನೇಜ್‌ಮೆಂಟ್ ಜೊತೆ ಡೀಲ್ ಮಾಡಿಕೊಳ್ತಾರಂತೆ?

ಕೆಲವರು ಮಾಡಿಕೊಳ್ಳುತ್ತಾರೆ. ಮಗನಿಗೆ ಕೆಲಸ, ಕ್ಯಾಂಟೀನ್ ಕಂಟ್ರಾಕ್ಟ್, ಕೇಳಿದ್ದೇವೆ ಎಲ್ಲ. ಗೊಣಗುವ ಬದಲು ಲೆಕ್ಕ ಕೇಳಿ. ನೋಂದಾಯಿತ ಯೂನಿಯನ್ ಪ್ರತಿ ವರ್ಷ ರಿಜಿಸ್ಟ್ರಾರ್‌ಗೆ ಲೆಕ್ಕಪತ್ರ ಕೊಡಲೇಬೇಕು, ಸದಸ್ಯರಿಗೆ ಪುಸ್ತಕ ನೋಡುವ ಹಕ್ಕಿದೆ.

ಬ್ರಿಟನ್ನಿನಲ್ಲಿ ಮುಷ್ಕರಕ್ಕೆ ಮುಂಚೆ ಸದಸ್ಯರ ರಹಸ್ಯ ಮತದಾನ ಕಾನೂನಿನಲ್ಲೇ ಕಡ್ಡಾಯ. ನಮ್ಮಲ್ಲಿ ಇಲ್ಲ. ಗೇಟ್ ಮೀಟಿಂಗಿನಲ್ಲಿ ಕೈ ಎತ್ತಿಸಿದರೆ ಯಾರು ತಾನೇ ಕೈ ಕೆಳಗಿಡುತ್ತಾರೆ? ಎಲ್ಲರೂ ನೋಡುತ್ತಿರುತ್ತಾರಲ್ಲ. ಚೀಟಿ ಹಾಕಿಸಿ. ಶೇ 60 ಬಂದರೆ ಇನ್ನೂ ತಡೆಯಿರಿ, ಶೇ 90 ಬಂದರೆ ಹೊರಡಿ. ಇದು ಕಾನೂನಲ್ಲ, ನನ್ನ ಲೆಕ್ಕ.

ನಮ್ಮಲ್ಲಿ ಮೂರು ಯೂನಿಯನ್ ಇವೆ. ಯಾರ ಮಾತು ನಡೆಯುತ್ತೆ?

ಶೇ 51 ಕಾರ್ಮಿಕರ ಬೆಂಬಲ ಇರುವ ಯೂನಿಯನ್ ಒಂದೇ ಮಾತುಕತೆಗೆ ಕೂರುತ್ತದೆ. ಯಾರಿಗೂ ಅಷ್ಟು ಇಲ್ಲದಿದ್ದರೆ ಶೇ 20 ಇರುವ ಯೂನಿಯನ್‌ಗಳಿಂದ ಕೌನ್ಸಿಲ್ ಮಾಡುತ್ತಾರೆ.

ಐಟಿಯವರಿಗೂ ಇದೆಲ್ಲ ಅನ್ವಯಿಸುತ್ತಾ?

ಯೂನಿಯನ್ ಕಟ್ಟಲು ತೊಂದರೆ ಇಲ್ಲ. ಕರ್ನಾಟಕದಲ್ಲಿ ಐಟಿ ನೌಕರರ ಸಂಘ ಕೆಐಟಿಯು 2017ರಿಂದ ಇದೆ. 2024ರಲ್ಲಿ ದಿನಕ್ಕೆ 14 ಗಂಟೆ ಕೆಲಸದ ಪ್ರಸ್ತಾಪ ಬಂದಾಗ ಬೀದಿಗೆ ಬಂದದ್ದು ಅವರೇ.

ಮುಷ್ಕರ ಮಾಡಿದ್ದಕ್ಕೆ ಡಿಸ್ಮಿಸ್ ಮಾಡಿದರೆ?

ಚಾರ್ಜ್‌ಶೀಟ್, ವಿವರಣೆ, ಎನ್‌ಕ್ವೈರಿ ಇಲ್ಲದೆ ತೆಗೆದರೆ ಅದು ನಿಲ್ಲುವುದು ಕಷ್ಟ. ಚಾರ್ಜ್‌ಶೀಟ್ ಬಂದರೆ ತೆಗೆದುಕೊಳ್ಳುವುದಿಲ್ಲ ಅಂತ ಹಟ ಮಾಡಬೇಡಿ, ತೆಗೆದುಕೊಂಡು ಉತ್ತರ ಬರೆಯಿರಿ. ಸಂಧಾನ ಅಧಿಕಾರಿ ಹತ್ತಿರ ಹೋಗಿ 45 ದಿನ ಆದರೂ ಬಗೆಹರಿಯದಿದ್ದರೆ ನೇರವಾಗಿ ಟ್ರಿಬ್ಯೂನಲ್‌ಗೆ ಹೋಗಬಹುದು. ಹಳೇ ಕಾಯ್ದೆಯಲ್ಲಿ ಇದಕ್ಕೆ ಮೂರು ವರ್ಷ ಟೈಮ್ ಇತ್ತು, ಈಗ ಎರಡೇ ವರ್ಷ. ಊರಿಗೆ ಹೋಗಿ ಹೊಲ ನೋಡಿಕೊಂಡು ಬರೋಣ ಅಂತ ಬಿಟ್ಟರೆ ಕೇಸು ಸತ್ತುಹೋಗುತ್ತದೆ.

ಒಪ್ಪಂದಕ್ಕೆ ಸಹಿ ಆಗ್ತಿದೆ. ನಾವೇನು ನೋಡಬೇಕು?

ಎಲ್ಲರೂ ಏರಿಕೆಯ ಮೊತ್ತ ನೋಡುತ್ತಾರೆ. ಮೊದಲು ಅವಧಿ ನೋಡಿ, ಮೂರು ವರ್ಷವೋ ನಾಲ್ಕೋ ಅಂತ. ಹತ್ತು ಸಾವಿರ ಅಂದದ್ದು ಮೊದಲ ವರ್ಷಕ್ಕೇ ಬರುತ್ತದಾ ಅಥವಾ ಹಂಚಿದ್ದಾರಾ, ಬೇಸಿಕ್‌ಗೆ ಸೇರುತ್ತದಾ ಅಥವಾ ಪಿಎಫ್ ಹತ್ತದ ಭತ್ಯೆಗಳಲ್ಲಿ ಹೋಗುತ್ತದಾ ನೋಡಿ. ಉತ್ಪಾದನೆ ಟಾರ್ಗೆಟ್ ಎಷ್ಟು ಏರಿಸಿದ್ದಾರೆ ಅಂತ ನೋಡಿ, ಅದು ಸಾಮಾನ್ಯವಾಗಿ ಕೊನೆಯಲ್ಲಿರುವ ಅನುಬಂಧದಲ್ಲಿ ಇರುತ್ತದೆ. ಮುಷ್ಕರದಲ್ಲಿ ಇದ್ದವರ ಮೇಲೆ ಕ್ರಮ ಇಲ್ಲ ಅನ್ನುವ ಸಾಲು, ಹೆಸರುಗಳ ಸಮೇತ ಅಮಾನತು ವಾಪಸ್ ಅನ್ನುವ ಸಾಲು ಇದೆಯಾ ಹುಡುಕಿ. ಬಾಯಿ ಮಾತಿನಲ್ಲಿ ಒಪ್ಪಿದ್ದಾರೆ ಅಂದರೆ ಒಪ್ಪಿಲ್ಲ ಅಂತಲೇ ಲೆಕ್ಕ.

ಆಮೇಲೆ ಕಂಟ್ರಾಕ್ಟ್ ಮತ್ತು ಟ್ರೈನಿಗಳ ಬಗ್ಗೆ ಏನು ಬರೆದಿದ್ದಾರೆ ಅಂತ ಹುಡುಕಿ. ಏನೂ ಇಲ್ಲದಿದ್ದರೆ ಸಹಿಗೆ ಮುಂಚೆಯೇ ಎದ್ದು ನಿಂತು ಕೇಳಿ. ಸಹಿ ಆಯಿತು ಅಂದರೆ ಆ ಒಪ್ಪಂದದ ಅವಧಿ ಮುಗಿಯುವ ತನಕ ಅದರಲ್ಲಿರುವ ವಿಷಯಗಳ ಮೇಲೆ ಮುಷ್ಕರವೂ ಇಲ್ಲ.